ಕೂಡಿಟ್ಟ ಮಾಹಿತಿಗೆ ಬೀಗ



ಇಂದು ನಿಮ್ಮೊಡನೆ ಮಾತನಾಡಲಿರುವ ವಿಷಯ ಗಣಕಯಂತ್ರಕ್ಕೆ ಸಂಬಂಧಿಸಿದ್ದು. ಆದರೆ ಅದನ್ನು ನಿಮಗೆಲ್ಲ ಪರಿಚಯವಿರುವ ಒಂದು ಕಾಗದದಿಂದ ಆರಂಭಿಸೋಣ. ಆ ಕಾಗದವೇ ಪಹಣಿ. ಆಲಮೇಲ, ಸಿಂದಗಿ, ಇಂಡಿಯ ಕಡೆ ಅದಕ್ಕೆ ಉತಾರ ಎಂದೇ ಹೆಚ್ಚು ಬಳಕೆ. ಹೊಲದ ಸರ್ವೆ ನಂಬರು, ವಿಸ್ತೀರ್ಣ, ಮಾಲೀಕರ ಹೆಸರು, ಬೆಳೆ, ಅದರ ಮೇಲಿರುವ ಸಾಲ ಎಲ್ಲವೂ ಅದರಲ್ಲಿರುತ್ತವೆ. ಬ್ಯಾಂಕಿನಲ್ಲಿ ಬೆಳೆಸಾಲ ಬೇಕೆಂದರೆ ಉತಾರ ಬೇಕು. ಅಣ್ಣ ತಮ್ಮಂದಿರಲ್ಲಿ ಹೊಲ ಹಂಚಿಕೆಯಾಗಬೇಕೆಂದರೂ ಉತಾರ ಬೇಕು.

ಒಂದು ಕಾಲದಲ್ಲಿ ಈ ದಾಖಲೆಗಳನ್ನು ಗ್ರಾಮ ಲೆಕ್ಕಿಗರು ಕೈಯಿಂದ ಬರೆದು ತಮ್ಮ ವಶದಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. ಅದನ್ನು ನೋಡಬೇಕಾದರೆ ಅವರು ಊರಿನಲ್ಲಿರಬೇಕು, ಮನಸ್ಸು ಮಾಡಬೇಕು. ಈ ಸ್ಥಿತಿಯನ್ನು ಬದಲಿಸಿದ್ದು ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಯಾರಿಗಾದರೂ ಪಹಣಿಯ ಪ್ರತಿ ದೊರೆಯುವಂತಾಯಿತು. ಆಗ ಆಲಮೇಲ ಸಿಂದಗಿ ತಾಲ್ಲೂಕಿನ ಒಂದು ಊರು. ಇಂದು ಅದೇ ತಾಲ್ಲೂಕು ಕೇಂದ್ರ. ಇಂದು ಪಹಣಿಯನ್ನು ಮನೆಯಲ್ಲಿ ಕುಳಿತು ಫೋನಿನಲ್ಲಿಯೂ ನೋಡಬಹುದು.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ಫೋನಿನ ಪರದೆಯ ಮೇಲೆ ಮೂಡುವ ಇಂಥ ಮಾಹಿತಿ ನಿಜಕ್ಕೂ ಎಲ್ಲಿದೆ? ನಿಮ್ಮ ವಿದ್ಯಾರ್ಥಿವೇತನದ ಅರ್ಜಿ, ನಿಮ್ಮ ತಂದೆಯವರ ಬ್ಯಾಂಕ್ ಖಾತೆಯ ಸಂಖ್ಯೆ, ನಿಮ್ಮ ತಾಯಿಯವರು ಆಸ್ಪತ್ರೆಯಲ್ಲಿ ತೋರಿಸಿಕೊಂಡ ವಿವರ, ಇವೆಲ್ಲ ಎಲ್ಲಿವೆ? ‘ಕ್ಲೌಡ್‌ನಲ್ಲಿ’ ಎಂದು ಕೆಲವರು ಹೇಳುವುದನ್ನು ಕೇಳಿದ್ದೀರಿ. ಕ್ಲೌಡ್ ಎಂದರೆ ಮೋಡ. ಆದರೆ ಮಾಹಿತಿ ಮೋಡದಲ್ಲಿ ತೇಲುತ್ತಿರುವುದಿಲ್ಲ. ಅದು ಯಾವುದೋ ಊರಿನ ಒಂದು ಕಟ್ಟಡದಲ್ಲಿ, ಸಾಲಾಗಿ ನಿಲ್ಲಿಸಿದ ಕಪಾಟುಗಳಲ್ಲಿ, ಕಂಪ್ಯೂಟರುಗಳ ಡಿಸ್ಕುಗಳ ಮೇಲೆ ಇರುತ್ತದೆ. ಕೆಲವು ಸಂಸ್ಥೆಗಳು ಸ್ವಂತ ಕೇಂದ್ರವನ್ನು ಇಟ್ಟುಕೊಂಡಿವೆ. ಮತ್ತೆ ಕೆಲವು ಸಂಸ್ಥೆಗಳು ಬೇರೆಯವರ ಕೇಂದ್ರದಲ್ಲಿ ಜಾಗವನ್ನು ಬಾಡಿಗೆಗೆ ಪಡೆಯುತ್ತವೆ. ಈ ಬಾಡಿಗೆಯ ಏರ್ಪಾಡನ್ನೇ ಕ್ಲೌಡ್ ಎನ್ನುತ್ತಾರೆ. ಅಮೆಜಾನ್ ಕಂಪನಿ 2016ರಲ್ಲಿ ಮುಂಬಯಿಯಲ್ಲಿ ಇಂಥ ಕೇಂದ್ರಗಳನ್ನು ಆರಂಭಿಸಿತು. ಹುಡುಕಲು ಅನುಕೂಲವಾಗುವಂತೆ ಸಾಲು ಸಾಲಾಗಿ ಜೋಡಿಸಿಟ್ಟ ಮಾಹಿತಿಯ ಸಂಗ್ರಹಕ್ಕೆ ಡೇಟಾಬೇಸ್ ಎಂದು ಹೆಸರು. ಕನ್ನಡದಲ್ಲಿ ದತ್ತಸಂಚಯ ಎನ್ನೋಣ.

ಬಾಡಿಗೆಯ ಜಾಗದಲ್ಲಿ ದತ್ತಸಂಚಯವನ್ನು ತೆರೆಯುವಾಗ ಅದನ್ನು ತೆರೆಯುವವರಿಗೆ ಒಂದು ಆಯ್ಕೆ ಕಾಣುತ್ತದೆ. ‘ಎನ್‌ಕ್ರಿಪ್ಷನ್ ಅಟ್ ರೆಸ್ಟ್’ ಎಂಬುದು ಅದರ ಹೆಸರು. ಎದುರಿಗೆ ಒಂದು ಚಿಕ್ಕ ಗುಂಡಿ. ಒತ್ತಿದರೆ ಬೀಗ ಬೀಳುತ್ತದೆ, ಒತ್ತದಿದ್ದರೆ ಇಲ್ಲ. ಈ ಗುಂಡಿಯನ್ನು ಒತ್ತುವುದೆಂದರೆ ಏನು, ಒತ್ತದೆ ಬಿಟ್ಟರೆ ಏನಾಗುತ್ತದೆ, ಒತ್ತಿದ ಮೇಲೂ ಉಳಿಯುವ ಅಪಾಯ ಯಾವುದು ಎಂಬುದೇ ನಮ್ಮ ಇಂದಿನ ವಿಷಯ. ನಾಳೆ ನಿಮ್ಮಲ್ಲಿ ಒಬ್ಬರು ಪಟ್ಟಣ ಪಂಚಾಯತಿಯಲ್ಲೋ, ಸಹಕಾರಿ ಸಂಘದಲ್ಲೋ, ಬೆಂಗಳೂರಿನ ಕಂಪನಿಯಲ್ಲೋ ಆ ಗುಂಡಿಯ ಮುಂದೆ ಕುಳಿತಿರುತ್ತೀರಿ. ಸಾವಿರಾರು ಜನರ ಮಾಹಿತಿ ನಿಮ್ಮ ಒಂದು ಬೆರಳಿನ ಮೇಲೆ ನಿಂತಿರುತ್ತದೆ.

ಮೊದಲು ‘ಅಟ್ ರೆಸ್ಟ್’ ಎಂಬ ಮಾತನ್ನು ತಿಳಿಯೋಣ. ವಿಜಾಪುರ ಸೀಮೆಯಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ಕೂಡಿಡುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ನೆಲದೊಳಗೆ ಆಳವಾಗಿ ತೋಡಿದ ಕಣಜ ಅದು. ಕಾಳು ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಇರುತ್ತಿತ್ತು. ಈ ಜೋಳಕ್ಕೆ ಮೂರು ಸ್ಥಿತಿಗಳಿವೆ. ಹಗೇವಿನಲ್ಲಿ ಸುಮ್ಮನೆ ಇರುವುದು ಒಂದು. ಚಕ್ಕಡಿಯಲ್ಲಿ ಪೇಟೆಗೆ ಹೋಗುತ್ತಿರುವುದು ಎರಡನೆಯದು. ಗಿರಣಿಯಲ್ಲಿ ಹಿಟ್ಟಾಗುತ್ತಿರುವುದು ಮೂರನೆಯದು. ಮಾಹಿತಿಗೂ ಹೀಗೆಯೇ ಮೂರು ಸ್ಥಿತಿಗಳು. ಡಿಸ್ಕಿನ ಮೇಲೆ ಕೂಡಿಟ್ಟದ್ದು, ತಂತಿಯ ಮೇಲೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತಿರುವುದು, ಕಂಪ್ಯೂಟರಿನ ನೆನಪಿನಲ್ಲಿ ಬಳಕೆಯಾಗುತ್ತಿರುವುದು. ಹಗೇವಿನ ಬಾಯಿ ಭದ್ರವಾಗಿದ್ದರೆ ದಾರಿಯಲ್ಲಿ ಚಕ್ಕಡಿಯ ಚೀಲ ಕಳುವಾಗುವುದು ತಪ್ಪುವುದಿಲ್ಲ. ಹಾಗೆಯೇ ಒಂದು ಸ್ಥಿತಿಗೆ ಹಾಕಿದ ಬೀಗ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ನಾವು ಇಂದು ನೋಡುತ್ತಿರುವುದು ಹಗೇವಿನ ಬೀಗವನ್ನು, ಅಂದರೆ ಕೂಡಿಟ್ಟ ಮಾಹಿತಿಯ ಬೀಗವನ್ನು.

ಇನ್ನು ‘ಎನ್‌ಕ್ರಿಪ್ಷನ್’. ಓದಲು ಬರುವ ಬರಹವನ್ನು ಲೆಕ್ಕಾಚಾರದ ಮೂಲಕ ಓದಲಾಗದ ಗೂಢಲಿಪಿಗೆ ತಿರುಗಿಸುವುದು ಎಂದು ಇದರ ಅರ್ಥ. ಇದನ್ನು ತಿಳಿಯಲು ನಿಮ್ಮ ಜಿಲ್ಲೆಯ ಇತಿಹಾಸದಲ್ಲಿಯೇ ಒಂದು ಒಳ್ಳೆಯ ಹೋಲಿಕೆ ಇದೆ. 1956ರ ನವೆಂಬರ್ 1ರವರೆಗೆ ವಿಜಾಪುರ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಭಾಗದ ಎಷ್ಟೋ ಹಳೆಯ ದಫ್ತರಗಳು ಮೋಡಿ ಲಿಪಿಯಲ್ಲಿವೆ. ಇಂದು ಅವು ಕೈಗೆ ಸಿಕ್ಕರೂ ಓದಬಲ್ಲವರು ವಿರಳ. ಹಾಗಾದರೆ ಮೋಡಿ ಲಿಪಿಯ ದಾಖಲೆಯೂ ಗೂಢಲಿಪಿಯೇ? ಅಲ್ಲ. ಯಾರಾದರೂ ಕೆಲವು ತಿಂಗಳು ಶ್ರಮಪಟ್ಟು ಮೋಡಿಯನ್ನು ಕಲಿತರೆ ಆ ಲಿಪಿಯಲ್ಲಿರುವ ಎಲ್ಲ ಕಾಗದಗಳೂ ಅವರಿಗೆ ತೆರೆದುಕೊಳ್ಳುತ್ತವೆ. ವಿಧಾನ ಗೊತ್ತಾದರೆ ಗುಟ್ಟೂ ಗೊತ್ತಾಯಿತು.

ನಿಜವಾದ ಗೂಢಲಿಪಿ ಹಾಗಲ್ಲ. ವಿಧಾನ ಇಡೀ ಜಗತ್ತಿಗೇ ಗೊತ್ತಿದ್ದರೂ ಕೀಲಿಕೈ ಇಲ್ಲದವರಿಗೆ ಅದು ತೆರೆಯಬಾರದು. ಈ ತತ್ವವನ್ನು 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸರು ಸ್ಪಷ್ಟವಾಗಿ ಮಂಡಿಸಿದರು. ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನ ಎ.ಇ.ಎಸ್. ಎಂಬುದು. ಬೆಲ್ಜಿಯಂ ದೇಶದ ಯೋವಾನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಇದನ್ನು ರೂಪಿಸಿದರು. ಅಮೆರಿಕದ ಮಾನಕ ಸಂಸ್ಥೆ 1997ರಲ್ಲಿ ಬಹಿರಂಗ ಸ್ಪರ್ಧೆಯೊಂದನ್ನು ಆರಂಭಿಸಿ, ಬಂದ 15 ವಿಧಾನಗಳನ್ನು ಎಲ್ಲರ ಮುಂದೆ ಪರೀಕ್ಷೆಗೆ ಒಡ್ಡಿ, ಕೊನೆಗೆ 2001ರಲ್ಲಿ ಇದನ್ನು ಮಾನಕವಾಗಿ ಪ್ರಕಟಿಸಿತು. ಇದರ ಪ್ರತಿಯೊಂದು ಹೆಜ್ಜೆಯೂ ಪುಸ್ತಕಗಳಲ್ಲಿ ಮುದ್ರಿತವಾಗಿದೆ. ಗುಟ್ಟಾಗಿರುವುದು ಕೀಲಿಕೈ ಮಾತ್ರ.

ಆ ಕೀಲಿಕೈ ಒಂದು ದೊಡ್ಡ ಸಂಖ್ಯೆ. ಎಷ್ಟು ದೊಡ್ಡದು? ಸೈಕಲ್ಲಿಗೆ ಹಾಕುವ 4 ಅಂಕಿಗಳ ಬೀಗವನ್ನು ತೆಗೆದುಕೊಳ್ಳಿ. ಅದಕ್ಕೆ 10,000 ಸಾಧ್ಯತೆಗಳು. ಸೆಕೆಂಡಿಗೆ ಒಂದರಂತೆ ಪ್ರಯತ್ನಿಸಿದರೆ ಮೂರು ಗಂಟೆಯೊಳಗೆ ಬೀಗ ತೆರೆಯುತ್ತದೆ. ಎ.ಇ.ಎಸ್. ವಿಧಾನದ ಅತಿ ಚಿಕ್ಕ ಕೀಲಿಕೈ 128 ಬಿಟ್ಟುಗಳದು. ಅದರ ಸಾಧ್ಯತೆಗಳನ್ನು ಬರೆಯಲು 39 ಅಂಕಿಗಳು ಬೇಕು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಕೈಗಳನ್ನು ಪ್ರಯತ್ನಿಸುವ ಯಂತ್ರವಿದ್ದರೂ ಎಲ್ಲವನ್ನೂ ಮುಗಿಸಲು ಸುಮಾರು ಒಂದು ಲಕ್ಷ ಕೋಟಿ ಕೋಟಿ ವರ್ಷಗಳು ಹಿಡಿಯುತ್ತವೆ. ಗಣಿತ ಓದುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಎರಡನ್ನು 128 ಸಲ ಗುಣಿಸಿದರೆ ಸಾಕು.

ಹಾಗಾದರೆ ಗುಂಡಿಯನ್ನು ಒತ್ತಿದಾಗ ಒಳಗೆ ನಡೆಯುವುದೇನು? ದತ್ತಸಂಚಯ ಡಿಸ್ಕಿಗೆ ಏನನ್ನಾದರೂ ಬರೆಯುವ ಮುನ್ನ ಅದನ್ನು ಗೂಢಲಿಪಿಗೆ ತಿರುಗಿಸಲಾಗುತ್ತದೆ. ಡಿಸ್ಕಿನಿಂದ ಓದಿದ ಕೂಡಲೇ ಮತ್ತೆ ಸಾಮಾನ್ಯ ಬರಹವಾಗಿ ತಿರುಗಿಸಲಾಗುತ್ತದೆ. ಕಿಟಕಿಯಲ್ಲಿ ಕುಳಿತ ಗುಮಾಸ್ತರಿಗಾಗಲಿ, ಫೋನಿನಲ್ಲಿ ನೋಡುವ ನಿಮಗಾಗಲಿ ಯಾವ ವ್ಯತ್ಯಾಸವೂ ಕಾಣದು. ಡಿಸ್ಕನ್ನೇ ಬಿಚ್ಚಿಕೊಂಡು ಹೋದವನಿಗೆ ಮಾತ್ರ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ.

ಇಲ್ಲಿ ಸಾಮಾನ್ಯವಾಗಿ ಎರಡು ಕೀಲಿಕೈಗಳ ಏರ್ಪಾಡು ಇರುತ್ತದೆ. ಮೊದಲನೆಯದು ಮಾಹಿತಿಗೆ ಬೀಗ ಹಾಕುವ ಕೀಲಿಕೈ. ಎರಡನೆಯದು ಆ ಕೀಲಿಕೈಗೇ ಬೀಗ ಹಾಕುವ ಯಜಮಾನ ಕೀಲಿಕೈ. ಮೊದಲನೆಯದನ್ನು ಬೀಗ ಹಾಕಿದ ಸ್ಥಿತಿಯಲ್ಲಿ ಮಾಹಿತಿಯ ಪಕ್ಕದಲ್ಲಿಯೇ ಇಡುತ್ತಾರೆ. ಯಜಮಾನ ಕೀಲಿಕೈಯನ್ನು ಬೇರೆಡೆ, ಅದಕ್ಕೆಂದೇ ಮಾಡಿದ ಯಂತ್ರದಲ್ಲಿ ಇಡುತ್ತಾರೆ. ಮನೆಯ ಟ್ರಂಕಿನ ಕೀಲಿಕೈಗಳನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ಕೀಲಿಕೈಯನ್ನು ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಂಡಂತೆ ಇದು. ಪೆಟ್ಟಿಗೆಯ ಬೀಗವನ್ನು ಬದಲಿಸಬೇಕಾದರೆ ಟ್ರಂಕಿನ ಬಟ್ಟೆಬರೆಗಳನ್ನು ಹೊರಗೆ ತೆಗೆಯಬೇಕಾಗಿಲ್ಲ. ಹಾಗೆಯೇ ಯಜಮಾನ ಕೀಲಿಕೈಯನ್ನು ಆಗಾಗ ಬದಲಿಸಿದರೂ ಕೋಟಿಗಟ್ಟಲೆ ಸಾಲುಗಳ ಮಾಹಿತಿಯನ್ನು ಮತ್ತೆ ಮೊದಲಿನಿಂದ ತಿರುಗಿಸಬೇಕಾಗಿಲ್ಲ.

ಈ ಬೀಗ ಯಾವ ಕಳ್ಳನನ್ನು ತಡೆಯುತ್ತದೆ ಎಂಬುದಕ್ಕೆ ಎರಡು ನಿಜ ಸಂಗತಿಗಳನ್ನು ನೋಡೋಣ. 2007ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ತೆರಿಗೆ ಇಲಾಖೆ ಎರಡು ಡಿಸ್ಕುಗಳನ್ನು ಲೆಕ್ಕಪರಿಶೋಧನಾ ಕಚೇರಿಗೆ ಕಳುಹಿಸಿತು. ಮಕ್ಕಳ ಭತ್ಯೆ ಪಡೆಯುವ ಕುಟುಂಬಗಳ ಸುಮಾರು 2 ಕೋಟಿ 50 ಲಕ್ಷ ಜನರ ಹೆಸರು, ವಿಳಾಸ, ಜನ್ಮದಿನಾಂಕ, ಬ್ಯಾಂಕ್ ವಿವರಗಳು ಅದರಲ್ಲಿದ್ದವು. ಡಿಸ್ಕುಗಳು ದಾರಿಯಲ್ಲಿಯೇ ಕಾಣೆಯಾದವು. ಅವಕ್ಕೆ ಸಂಕೇತಪದವೊಂದಿತ್ತು. ಗೂಢಲಿಪಿ ಇರಲಿಲ್ಲ. ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಡಬೇಕಾಯಿತು. ಗೂಢಲಿಪಿಯಲ್ಲಿದ್ದು ಕೀಲಿಕೈ ಬೇರೆಡೆ ಇದ್ದಿದ್ದರೆ, ಕಳೆದುಹೋದದ್ದು ಎರಡು ಪ್ಲಾಸ್ಟಿಕ್ ತಟ್ಟೆಗಳು ಎಂದಷ್ಟೇ ಆಗುತ್ತಿತ್ತು.

ಎರಡನೆಯ ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಅಮೆರಿಕದ ಮಾರ್ಗನ್ ಸ್ಟಾನ್ಲಿ ಎಂಬ ಹಣಕಾಸು ಸಂಸ್ಥೆ ತನ್ನ ಹಳೆಯ ಕಂಪ್ಯೂಟರುಗಳನ್ನು ವಿಲೇವಾರಿ ಮಾಡಲು ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಒಪ್ಪಿಸಿತು. ಆ ಕಂಪನಿಗೆ ಮಾಹಿತಿಯನ್ನು ಅಳಿಸುವ ಅನುಭವವೇ ಇರಲಿಲ್ಲ. ಯಂತ್ರಗಳು ಕೈಯಿಂದ ಕೈಗೆ ಮಾರಾಟವಾಗಿ, ಕೆಲವು ಹರಾಜಿಗೂ ಬಂದವು. ಒಳಗೆ ಗ್ರಾಹಕರ ಮಾಹಿತಿ ಹಾಗೆಯೇ ಇತ್ತು. ಅಲ್ಲಿನ ಷೇರುಪೇಟೆ ನಿಯಂತ್ರಣ ಮಂಡಳಿ 2022ರಲ್ಲಿ 3 ಕೋಟಿ 50 ಲಕ್ಷ ಡಾಲರ್ ದಂಡ ವಿಧಿಸಿತು. ಆಗ ಬೆಳಕಿಗೆ ಬಂದ ಒಂದು ಅಂಶವನ್ನು ನೀವು ಗಮನಿಸಬೇಕು. ಶಾಖೆಗಳಲ್ಲಿದ್ದ ಕೆಲವು ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ಸೌಲಭ್ಯ ಇದ್ದೇ ಇತ್ತು. ವರ್ಷಗಟ್ಟಲೆ ಯಾರೂ ಅದನ್ನು ಚಾಲೂ ಮಾಡಿರಲಿಲ್ಲ. ಬೀಗವನ್ನು ಕೊಂಡು ತಂದು, ಹಾಕದೆ ಬಾಗಿಲಿಗೆ ತೂಗುಬಿಟ್ಟಂತೆ ಆಗಿತ್ತು.

ಹೀಗೆ ಡಿಸ್ಕು ಕಳುವಾದಾಗ, ಹಳೆಯ ಯಂತ್ರ ಗುಜರಿಗೆ ಹೋದಾಗ, ಮಾಹಿತಿಯ ನಕಲು ಪ್ರತಿ ತಪ್ಪು ಕೈಗೆ ಸಿಕ್ಕಾಗ ಈ ಬೀಗ ಕಾಯುತ್ತದೆ. ಕ್ಲೌಡ್‌ನಲ್ಲಿ ಜಾಗ ನಮ್ಮದಲ್ಲ, ಡಿಸ್ಕೂ ನಮ್ಮದಲ್ಲ, ಅದು ಹಳತಾದಾಗ ಎಲ್ಲಿಗೆ ಹೋಗುತ್ತದೆಂದು ನಾವು ಹೋಗಿ ನೋಡುವುದಿಲ್ಲ. ಆದ್ದರಿಂದ ಅಲ್ಲಿ ಇದರ ಅಗತ್ಯ ಹೆಚ್ಚು.

ಆದರೆ ಮಿತ್ರರೇ, ಇದೇ ಬೀಗ ಏನನ್ನು ತಡೆಯುವುದಿಲ್ಲ ಎಂಬುದನ್ನು ತಿಳಿಯುವುದೂ ಅಷ್ಟೇ ಮುಖ್ಯ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಮಾಹಿತಿ ಸೋರಿಹೋಯಿತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರಗಳು ಅವು. ಮಾಹಿತಿ ಕ್ಲೌಡ್‌ನಲ್ಲಿತ್ತು. ಗೂಢಲಿಪಿಯ ರಕ್ಷಣೆಯೂ ಇತ್ತು. ಆದರೂ ಹೇಗೆ ಹೋಯಿತು? ಹೊರಗಿನಿಂದ ಬರುವವರನ್ನು ತಡೆಯಬೇಕಾದ ಕಾವಲು ವ್ಯವಸ್ಥೆಯನ್ನು ತಪ್ಪಾಗಿ ಜೋಡಿಸಲಾಗಿತ್ತು. ಅದರ ಮೂಲಕ ನುಗ್ಗಿದ ವ್ಯಕ್ತಿಗೆ ಒಳಗಿನ ಸೇವಕನ ಅಧಿಕಾರವೇ ದೊರೆಯಿತು. ಆ ಅಧಿಕಾರದಿಂದ ಕೇಳಿದಾಗ ವ್ಯವಸ್ಥೆ ತಾನೇ ಬೀಗವನ್ನು ತೆರೆದು ಮಾಹಿತಿಯನ್ನು ಕೊಟ್ಟಿತು. ಬ್ಯಾಂಕಿಗೆ 2020ರಲ್ಲಿ 8 ಕೋಟಿ ಡಾಲರ್ ದಂಡ ಬಿದ್ದಿತು.

ಇದರಿಂದ ನಾವು ಕಲಿಯಬೇಕಾದುದು ಏನು? ಹಗೇವಿನ ಬಾಯಿಗೆ ಎಂಥ ಕಲ್ಲನ್ನು ಮುಚ್ಚಿದ್ದರೂ, ಮನೆಯ ಯಜಮಾನನ ವೇಷದಲ್ಲಿ ಬಂದವನಿಗೆ ಆಳುಗಳೇ ಕಲ್ಲು ಸರಿಸಿಕೊಡುತ್ತಾರೆ. ದುರ್ಬಲ ಸಂಕೇತಪದ, ಒಬ್ಬರ ಸಂಕೇತಪದವನ್ನು ಕಚೇರಿಯಲ್ಲಿ ಹತ್ತು ಜನ ಬಳಸುವ ಅಭ್ಯಾಸ, ಕೆಲಸ ಬಿಟ್ಟು ಹೋದವರ ಅಧಿಕಾರವನ್ನು ರದ್ದು ಮಾಡದಿರುವುದು, ಇವುಗಳಿಗೆ ಕೂಡಿಟ್ಟ ಮಾಹಿತಿಯ ಬೀಗ ಮದ್ದಲ್ಲ.

ಇನ್ನೊಂದು ಮಿತಿಯೂ ಇದೆ. ಪಹಣಿಯ ವಿಚಾರಕ್ಕೇ ಬನ್ನಿ. ಪಹಣಿ ಗುಟ್ಟಿನ ದಾಖಲೆಯಲ್ಲ. ಯಾರ ಹೊಲದ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು, ನೋಡುವಂತಿರಬೇಕು. ಅಲ್ಲಿ ರೈತನ ಭಯ ಬೇರೆಯವರು ಓದುತ್ತಾರೆಂಬುದಲ್ಲ. ಯಾರಾದರೂ ಹೆಸರನ್ನು ತಿದ್ದಿಬಿಟ್ಟರೆ ಎಂಬುದು. ಗೂಢಲಿಪಿ ಓದುವುದನ್ನು ತಡೆಯುತ್ತದೆ. ಒಳಗೆ ಅಧಿಕಾರವಿರುವವನು ತಿದ್ದುವುದನ್ನು ಅದು ತಡೆಯಲಾರದು. ಅದಕ್ಕೆ ಬೇರೆ ಉಪಾಯಗಳು ಬೇಕು. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ದಿನಚರಿ, ಡಿಜಿಟಲ್ ಸಹಿ, ಇಬ್ಬರ ಒಪ್ಪಿಗೆಯಿಲ್ಲದೆ ಬದಲಾಗದ ಕ್ರಮ ಇವೇ ಆ ಉಪಾಯಗಳು. ‘ಭೂಮಿ’ ಯೋಜನೆಯಲ್ಲಿ ಸಿಬ್ಬಂದಿ ತಮ್ಮ ಬೆರಳಚ್ಚು ಕೊಟ್ಟು ಒಳಪ್ರವೇಶಿಸುವ ವ್ಯವಸ್ಥೆಯನ್ನು ಆರಂಭದಲ್ಲಿಯೇ ಅಳವಡಿಸಿದ್ದು ಇದೇ ಕಾರಣಕ್ಕೆ. ನಾನು ಮಾಡಿಲ್ಲ ಎಂದು ಆಮೇಲೆ ಯಾರೂ ಹೇಳುವಂತಿರಬಾರದು.

ಹಾಗಾದರೆ ಎಲ್ಲರೂ ನೋಡಬಹುದಾದ ದಾಖಲೆಗೆ ಬೀಗವೇಕೆ ಎಂದು ನೀವು ಕೇಳಬಹುದು. ಪಹಣಿ ಬಹಿರಂಗವಾದರೂ ಅದರ ಜೊತೆ ಸೇರುವ ಮಾಹಿತಿ ಬಹಿರಂಗವಲ್ಲ. 2024ರಲ್ಲಿ ಕರ್ನಾಟಕದ ಕಂದಾಯ ಇಲಾಖೆ ಪಹಣಿಯೊಡನೆ ಆಧಾರ್ ಜೋಡಿಸುವ ಕೆಲಸವನ್ನು ಕೈಗೊಂಡಿತು. ‘ಫ್ರೂಟ್ಸ್’ ಎಂಬ ರೈತರ ನೋಂದಣಿಯಲ್ಲಿ ಹೊಲದ ವಿವರದೊಡನೆ ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರವೂ ಸೇರುತ್ತದೆ. ಪರಿಹಾರದ ಹಣ ನೇರವಾಗಿ ಖಾತೆಗೆ ಬರಬೇಕಾದರೆ ಇದು ಬೇಕು. ಆದರೆ ಹೊಲ, ಹೆಸರು, ಖಾತೆ, ಆಧಾರ್ ನಾಲ್ಕೂ ಒಟ್ಟಿಗೆ ಒಬ್ಬ ವಂಚಕನ ಕೈಗೆ ಸಿಕ್ಕರೆ ಏನಾಗಬಹುದೆಂದು ಊಹಿಸಿ. ‘ನಿಮ್ಮ ಇಂಥ ಸರ್ವೆ ನಂಬರಿನ ಲಿಂಬೆ ತೋಟಕ್ಕೆ ಪರಿಹಾರ ಮಂಜೂರಾಗಿದೆ, ಫೋನಿಗೆ ಬಂದ ಸಂಖ್ಯೆಯನ್ನು ಹೇಳಿ’ ಎಂದು ಕರೆ ಬಂದರೆ, ಅಷ್ಟೆಲ್ಲ ವಿವರ ಸರಿಯಾಗಿ ಹೇಳುವವನನ್ನು ಎಷ್ಟು ಜನ ಸಂಶಯಿಸಿಯಾರು?

ಆದ್ದರಿಂದಲೇ ಆಧಾರ್ ಪ್ರಾಧಿಕಾರ 2017ರಲ್ಲಿ ಒಂದು ಸುತ್ತೋಲೆಯನ್ನು ಹೊರಡಿಸಿತು. ಅದರ ಪ್ರಕಾರ ಆಧಾರ್ ಸಂಖ್ಯೆಯನ್ನು ಸಂಗ್ರಹಿಸಿಡುವ ಸಂಸ್ಥೆಗಳು ಅದನ್ನು ಬೇರೆ ಮಾಹಿತಿಯ ಜೊತೆ ಇಡುವಂತಿಲ್ಲ. ಪ್ರತ್ಯೇಕವಾದ ಭದ್ರ ಕೋಶದಲ್ಲಿ ಗೂಢಲಿಪಿಯಲ್ಲಿಡಬೇಕು. ಕೀಲಿಕೈಯನ್ನು ಅದಕ್ಕೆಂದೇ ಇರುವ ಯಂತ್ರದಲ್ಲಿಡಬೇಕು. ಉಳಿದೆಡೆ ಆಧಾರ್ ಸಂಖ್ಯೆಗೆ ಬದಲಾಗಿ ಒಂದು ಗುರುತಿನ ಸಂಖ್ಯೆಯನ್ನಷ್ಟೇ ಬಳಸಬೇಕು. ಇಡೀ ಹಗೇವಿಗೆ ಒಂದು ಬೀಗ ಹಾಕಿದ ಮೇಲೂ ಬೆಲೆಬಾಳುವ ವಸ್ತುವನ್ನು ಬೇರೆ ಪೆಟ್ಟಿಗೆಯಲ್ಲಿಡುವ ಕ್ರಮ ಇದು. ಭಾರತದ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಜನರ ಮಾಹಿತಿಯನ್ನು ಕಾಯಲು ತಕ್ಕ ಭದ್ರತೆಯನ್ನು ಮಾಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಹಂತ ಹಂತವಾಗಿ ಜಾರಿಗೆ ಬರುವಂತೆ 2025ರ ನವೆಂಬರಿನಲ್ಲಿ ಹೊರಬಂದ ಅದರ ನಿಯಮಗಳಲ್ಲಿ ಎನ್‌ಕ್ರಿಪ್ಷನ್ನಿನ ಹೆಸರೂ ಇದೆ.

ಈಗ ಗುಂಡಿಯ ಬಳಿಗೆ ಹಿಂತಿರುಗೋಣ. ಚಾಲೂ ಮಾಡುವುದು, ಬಂದ್ ಮಾಡುವುದು ಎಲ್ಲ ಕಡೆಯೂ ಒಂದೇ ರೀತಿ ಅಲ್ಲ. ಗೂಗಲ್ ಕಂಪನಿಯ ಕ್ಲೌಡ್‌ನಲ್ಲಿ ಕೂಡಿಟ್ಟ ಮಾಹಿತಿಗೆ ಬೀಗ ತಾನಾಗಿಯೇ ಬೀಳುತ್ತದೆ. ಅದನ್ನು ಬಂದ್ ಮಾಡುವ ಗುಂಡಿಯೇ ಇಲ್ಲ. ಮೈಕ್ರೋಸಾಫ್ಟ್ ಕಂಪನಿಯ ಅಜೂರ್ ಎಸ್.ಕ್ಯೂ.ಎಲ್. ದತ್ತಸಂಚಯದಲ್ಲಿ 2017ರಿಂದ ಹೊಸದಾಗಿ ತೆರೆದವುಗಳಿಗೆ ಬೀಗ ಮೊದಲೇ ಬಿದ್ದಿರುತ್ತದೆ. ಅಲ್ಲಿ ಗುಂಡಿ ಇದೆ, ಬೇಕಾದರೆ ಬಂದ್ ಮಾಡಬಹುದು. ಅಮೆಜಾನ್ ಕಂಪನಿಯ ಆರ್.ಡಿ.ಎಸ್. ಎಂಬ ಸೇವೆಯಲ್ಲಿ ದತ್ತಸಂಚಯವನ್ನು ತೆರೆಯುವ ಹೊತ್ತಿನಲ್ಲಿಯೇ ನಿರ್ಧರಿಸಬೇಕು. ಬೀಗವಿಲ್ಲದೆ ತೆರೆದದ್ದಕ್ಕೆ ಆಮೇಲೆ ನೇರವಾಗಿ ಬೀಗ ಹಾಕಲು ಬರುವುದಿಲ್ಲ. ಮೊದಲು ಅದರ ಪೂರ್ಣ ಪ್ರತಿಯೊಂದನ್ನು ತೆಗೆಯಬೇಕು. ಆ ಪ್ರತಿಯಿಂದ ಬೀಗ ಹಾಕಿದ ಇನ್ನೊಂದು ಪ್ರತಿಯನ್ನು ಮಾಡಬೇಕು. ಅದರಿಂದ ಹೊಸ ದತ್ತಸಂಚಯವನ್ನು ಕಟ್ಟಬೇಕು. ಕೊನೆಗೆ ಎಲ್ಲ ಬಳಕೆದಾರರನ್ನೂ ಹಳೆಯದರಿಂದ ಹೊಸದಕ್ಕೆ ಕರೆತರಬೇಕು. ಈ ನಡುವೆ ಕೆಲಸ ನಿಲ್ಲುತ್ತದೆ. ಬೀಗ ಹಾಕಿದ್ದನ್ನು ತೆಗೆಯುವುದೂ ಸುಲಭವಲ್ಲ. ಒಳಗಿನ ಮಾಹಿತಿಯನ್ನು ಓದಿ ಹೊರತೆಗೆದು, ಬೀಗವಿಲ್ಲದ ಹೊಸದೊಂದಕ್ಕೆ ತುಂಬಬೇಕು.

ಮನೆ ಕಟ್ಟುವಾಗಲೇ ಬಾಗಿಲಿಗೆ ಕೊಂಡಿ ಇಡಿಸುವುದು ಸುಲಭ, ಸಂಸಾರ ತುಂಬಿದ ಮೇಲೆ ಚೌಕಟ್ಟು ಕಿತ್ತು ಇಡಿಸುವುದು ಕಷ್ಟ. ಇದೂ ಹಾಗೆಯೇ. ಆದ್ದರಿಂದ ಮೊದಲ ದಿನವೇ ಚಾಲೂ ಮಾಡಿ ಎಂಬುದೇ ನನ್ನ ಸಲಹೆ. ಯಂತ್ರದ ವೇಗ ಕಡಿಮೆಯಾಗುತ್ತದೆ ಎಂಬ ಆಕ್ಷೇಪಣೆಯನ್ನು ನೀವು ಕೇಳಬಹುದು. ಒಂದು ಕಾಲಕ್ಕೆ ಅದರಲ್ಲಿ ಹುರುಳಿತ್ತು. 2010ರಿಂದ ಈಚೆಗೆ ಕಂಪ್ಯೂಟರಿನ ಚಿಪ್ಪುಗಳಲ್ಲಿಯೇ ಎ.ಇ.ಎಸ್. ಲೆಕ್ಕಕ್ಕೆ ಬೇಕಾದ ವಿಶೇಷ ಸೌಲಭ್ಯ ಬಂದಿರುವುದರಿಂದ, ಸಾಮಾನ್ಯ ಕೆಲಸಗಳಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ಗಮನಕ್ಕೂ ಬರುವುದಿಲ್ಲ.

ಚಾಲೂ ಮಾಡುವಾಗ ಮರೆಯಬಾರದ ಎರಡು ಸಂಗತಿಗಳಿವೆ. ಒಂದು, ಹಳೆಯ ನಕಲು ಪ್ರತಿಗಳು. ನೀವು ಇಂದು ಬೀಗ ಹಾಕಿದಿರಿ. ನಿನ್ನೆಯವರೆಗೆ ತೆಗೆದಿಟ್ಟ ಪ್ರತಿಗಳಿಗೆ ಬೀಗವಿಲ್ಲ. ಯಾರೋ ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡ ಪಟ್ಟಿಗೂ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ ಆಗಬಾರದು. ಅವನ್ನೂ ಹುಡುಕಿ ಅಳಿಸಬೇಕು ಅಥವಾ ಬೀಗದೊಳಗೆ ತರಬೇಕು.

ಎರಡು, ಕೀಲಿಕೈ. ಇಷ್ಟು ಹೊತ್ತು ಬೀಗವನ್ನು ಒಡೆಯಲಾಗದು ಎಂದು ಹೇಳಿದೆ. ಆ ಮಾತು ಕಳ್ಳನಿಗೆ ಅನ್ವಯಿಸುವಂತೆ ನಿಮಗೂ ಅನ್ವಯಿಸುತ್ತದೆ. ಯಜಮಾನ ಕೀಲಿಕೈ ನಾಶವಾದರೆ ಮಾಹಿತಿಯೂ ನಾಶವಾದಂತೆಯೇ. ಯಾವ ಬಡಗಿಯೂ ಬಂದು ಈ ಬಾಗಿಲನ್ನು ಒಡೆದು ಕೊಡಲಾರ. ಅದಕ್ಕೆಂದೇ ಅಮೆಜಾನ್ ಕಂಪನಿಯ ಕೀಲಿಕೈ ಸೇವೆಯಲ್ಲಿ ಬಳಕೆದಾರರು ತಾವೇ ಮಾಡಿಸಿದ ಯಜಮಾನ ಕೀಲಿಕೈಯನ್ನು ಅಳಿಸಲು ಹೇಳಿದರೂ ಅದು ಕೂಡಲೇ ಅಳಿಯುವುದಿಲ್ಲ. ಕನಿಷ್ಠ 7 ದಿನ, ಗರಿಷ್ಠ 30 ದಿನ ಕಾಯುವ ಅವಧಿ ಇರುತ್ತದೆ. ಅಷ್ಟರೊಳಗೆ ಮನಸ್ಸು ಬದಲಿಸಬಹುದು. ದತ್ತಸಂಚಯದ ಬೀಗವನ್ನು ತೆಗೆದ ಮೇಲೂ ಕೀಲಿಕೈಯನ್ನು ಅಳಿಸಬೇಡಿ. ಬೀಗವಿದ್ದ ಕಾಲದ ನಕಲು ಪ್ರತಿಗಳನ್ನು ಮುಂದೊಂದು ದಿನ ತೆರೆಯಬೇಕಾದರೆ ಅದೇ ಕೀಲಿಕೈ ಬೇಕು.

ಹಾಗಾದರೆ ಕೀಲಿಕೈ ಯಾರ ಬಳಿ ಇರಬೇಕು? ಮೂರು ಮಾರ್ಗಗಳಿವೆ. ಎಲ್ಲವನ್ನೂ ಕ್ಲೌಡ್ ಕಂಪನಿಗೆ ಬಿಡುವುದು ಮೊದಲನೆಯದು. ಇದು ಸುಲಭ, ಆದರೆ ಹಗೇವೂ ಕೀಲಿಕೈಯೂ ಒಬ್ಬರ ವಶದಲ್ಲಿಯೇ ಇರುತ್ತವೆ. ಅವರ ಯಂತ್ರದಲ್ಲಿಯೇ ಕೀಲಿಕೈಯನ್ನಿಟ್ಟು, ಬಳಸುವ ಅಪ್ಪಣೆಯನ್ನು ನಾವು ಕೊಡುವುದು ಮತ್ತು ಹಿಂಪಡೆಯುವುದು ಎರಡನೆಯದು. ಕೀಲಿಕೈಯನ್ನು ಪೂರ್ತಿಯಾಗಿ ನಮ್ಮ ಸ್ಥಳದಲ್ಲಿಯೇ ಇಟ್ಟುಕೊಳ್ಳುವುದು ಮೂರನೆಯದು. ಇದರಲ್ಲಿ ಅಧಿಕಾರ ಹೆಚ್ಚು, ಹೊಣೆಯೂ ಅಷ್ಟೇ ಹೆಚ್ಚು. ಒಂದು ಚಿಕ್ಕ ಸಂಘಕ್ಕೆ ಮೊದಲನೆಯ ಮಾರ್ಗ ಸಾಕಾಗಬಹುದು. ಲಕ್ಷಾಂತರ ಜನರ ಆಧಾರ್ ಅಥವಾ ಆರೋಗ್ಯದ ವಿವರವಿದ್ದರೆ ಅದು ಸಾಲದು. ಯಾವುದನ್ನು ಆರಿಸಿದರೂ ಮಾಹಿತಿಯನ್ನು ದಿನವೂ ನೋಡಿಕೊಳ್ಳುವ ಮನುಷ್ಯನೂ ಕೀಲಿಕೈಯನ್ನು ಕಾಯುವ ಮನುಷ್ಯನೂ ಒಬ್ಬನೇ ಆಗದಿರುವಂತೆ ನೋಡಿಕೊಳ್ಳಬೇಕು.

ನಿಮ್ಮ ಮಟ್ಟದಲ್ಲಿ ಇದನ್ನು ನೋಡಿ ತಿಳಿಯಲು ದೂರ ಹೋಗಬೇಕಾಗಿಲ್ಲ. 2019ರಲ್ಲಿ ಬಂದ ಆಂಡ್ರಾಯ್ಡ್ 10ರೊಡನೆ ಹೊಸದಾಗಿ ತಯಾರಾಗುವ ಫೋನುಗಳಲ್ಲಿ ಕೂಡಿಟ್ಟ ಮಾಹಿತಿ ಗೂಢಲಿಪಿಯಲ್ಲಿರುವುದು ಕಡ್ಡಾಯವಾಯಿತು. ಅಂದರೆ ನಿಮ್ಮ ಜೇಬಿನಲ್ಲಿಯೇ ಈ ಬೀಗ ಇರಬಹುದು. ಆದರೆ ಪರದೆಯ ಸಂಕೇತವನ್ನು ನೀವು ಇಡದಿದ್ದರೆ, ಅಥವಾ 1234 ಎಂದು ಇಟ್ಟಿದ್ದರೆ, ಫೋನು ಸಿಕ್ಕವನಿಗೆ ನೀವೇ ಕೀಲಿಕೈಯನ್ನು ಕೊಟ್ಟಂತೆ.

ಕಾಲೇಜಿನಲ್ಲಿರುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ನಿಮ್ಮ ಕಾಲೇಜಿನ ಗ್ರಂಥಾಲಯದ ಪಟ್ಟಿಯನ್ನೋ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನೋ ಕ್ಲೌಡ್‌ನಲ್ಲಿ ಇಡುವ ಕೆಲಸ ನಿಮಗೆ ಬಂದಿತೆನ್ನಿ. ಮೊದಲು ಒಂದು ಕಾಗದವನ್ನು ತೆಗೆದುಕೊಂಡು ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇದರಲ್ಲಿ ಯಾರ ಯಾವ ಮಾಹಿತಿ ಇದೆ? ಇಷ್ಟೆಲ್ಲ ಮಾಹಿತಿ ನಮಗೆ ನಿಜಕ್ಕೂ ಬೇಕೆ? ಕೂಡಿಟ್ಟದ್ದಕ್ಕೆ ಬೀಗ ಬಿದ್ದಿದೆಯೆ? ಕೀಲಿಕೈಯ ಅಧಿಕಾರ ಯಾರ್ಯಾರಿಗೆ ಇದೆ? ನಕಲು ಪ್ರತಿಗಳು ಎಲ್ಲೆಲ್ಲಿವೆ? ಎರಡನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಪುಸ್ತಕ ಕೊಡಲು ಆಧಾರ್ ಸಂಖ್ಯೆ ಬೇಕಾಗಿಲ್ಲ. ಕೂಡಿಡದ ಮಾಹಿತಿಯನ್ನು ಯಾರೂ ಕದಿಯಲಾರರು.

ಈ ಐದು ಪ್ರಶ್ನೆಗಳನ್ನು ನಿಮ್ಮ ಮಾಹಿತಿಯನ್ನು ಕೇಳುವವರ ಮುಂದೆಯೂ ಇಡಬಹುದು. ಅರ್ಜಿಯ ನಮೂನೆಯನ್ನು ತುಂಬಿಸುವಾಗ, ಆಧಾರ್ ಕಾರ್ಡಿನ ನಕಲು ಕೊಡುವಾಗ ಇದು ಯಾಕೆ ಬೇಕು, ಎಲ್ಲಿ ಇಡುತ್ತೀರಿ ಎಂದು ವಿನಯದಿಂದ ಕೇಳಿ. ಕೇಳಿದಾಗ ಉತ್ತರ ಗೊತ್ತಿಲ್ಲದವರು ಉತ್ತರವನ್ನು ಹುಡುಕಬೇಕಾಗುತ್ತದೆ. ಅಕ್ಷರ ಬಾರದ ಅಜ್ಜನ ಪರವಾಗಿ ಕಚೇರಿಯ ಕಿಟಕಿಯಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಬಲ್ಲವರು ನೀವೇ. ಅವರ ಹೊಲ, ಅವರ ಖಾತೆ, ಅವರ ಹೆಸರು ಎಲ್ಲೋ ದೂರದ ಕಟ್ಟಡದ ಡಿಸ್ಕಿನ ಮೇಲಿದೆ. ಅದಕ್ಕೆ ಬೀಗ ಬಿದ್ದಿದೆಯೋ ಇಲ್ಲವೋ ಅವರಿಗೆ ತಿಳಿಯುವ ಮಾರ್ಗವಿಲ್ಲ. ಅದನ್ನು ತಿಳಿದು, ಕೇಳಿ, ಮುಂದೆ ನಿಮ್ಮ ಕೈಗೆ ಆ ಕೆಲಸ ಬಂದಾಗ ಮೊದಲ ದಿನವೇ ಸರಿಯಾಗಿ ಮಾಡಿ.